ಮುಕ್ತ ಆಕರ ಭಾಷೆಗಳನ್ನೂ ಕೋಡ್ ಎಡಿಟರ್‌ಗಳನ್ನೂ ಹೋಲಿಸಿ ಆರಿಸಿಕೊಳ್ಳುವ ಕ್ರಮ

ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟವರು ಅನೇಕ ವೇಳೆ ಭಾಷೆಯ ಜೊತೆಗೆ ಎಡಿಟರನ್ನೂ ಬದಲಿಸಿಬಿಡುತ್ತಾರೆ. ಕೆಲವು ದಿನಗಳ ನಂತರ ಕೆಲಸ ಕುಂಟುತ್ತಿದೆ ಎನಿಸಿದಾಗ ಅದಕ್ಕೆ ಹೊಣೆ ಭಾಷೆಯೋ ಎಡಿಟರೋ ಎಂಬುದು ತಿಳಿಯದೆ ಎರಡನ್ನೂ ಕೈಬಿಡುತ್ತಾರೆ. ಆದ್ದರಿಂದ ಭಾಷೆಗಳನ್ನು ಹೋಲಿಸುವಾಗ ಎಡಿಟರ್ ಒಂದೇ ಆಗಿರಬೇಕು. ಎಡಿಟರ್‌ಗಳನ್ನು ಹೋಲಿಸುವಾಗ ಭಾಷೆ ಒಂದೇ ಆಗಿರಬೇಕು. ಈ ಬರಹದ ಉಳಿದ ಸೂಚನೆಗಳೆಲ್ಲ ಇದರಿಂದಲೇ ಹೊರಡುತ್ತವೆ.

ಇಂತಹ ಬೇರ್ಪಡಿಕೆ ಇಂದು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣ, 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದರೆ ಎಡಿಟರೂ ಭಾಷೆಯ ನೆರವು ನೀಡುವ ‘ಸರ್ವರ್’ ಪ್ರೋಗ್ರಾಂ ಕೂಡ ಮಾತಾಡಿಕೊಳ್ಳುವ ನಿಯಮಾವಳಿ. ಅದಕ್ಕೂ ಮೊದಲು ಹತ್ತು ಎಡಿಟರ್‌ಗಳಲ್ಲಿ ಹತ್ತು ಭಾಷೆಗಳಿಗೆ ನೆರವು ಬೇಕಿದ್ದರೆ ಬಹುಮಟ್ಟಿಗೆ ನೂರು ಪ್ಲಗಿನ್‌ಗಳನ್ನು (ಎಡಿಟರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳನ್ನು) ಬರೆಯಬೇಕಾಗುತ್ತಿತ್ತು. ಈಗ ಹೆಸರು ಪೂರ್ತಿಗೊಳಿಸುವುದು, ವ್ಯಾಖ್ಯೆಗೆ ಹಾರುವುದು, ದೋಷದ ಕೆಳಗೆ ಗೆರೆ ಎಳೆಯುವುದು ಮುಂತಾದ ಕೆಲಸಗಳನ್ನು ಆಯಾ ಭಾಷೆಯ ಸರ್ವರ್ ಮಾಡುತ್ತದೆ. ಎಡಿಟರ್ ಅದನ್ನು ಕೇಳಿ ತೋರಿಸುತ್ತದೆ. ರಸ್ಟ್ ಭಾಷೆಯ ಸರ್ವರ್ ಆದ ರಸ್ಟ್-ಅನಲೈಸರ್ ಅನ್ನು ವಿಎಸ್ ಕೋಡ್, ನಿಯೋವಿಮ್ ಎಂಬ ಎರಡು ಎಡಿಟರ್‌ಗಳಲ್ಲಿಯೂ ಓಡಿಸಿ ನೋಡಿದರೆ ಸಲಹೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆಗಲೂ ಉಳಿದುಕೊಳ್ಳುವ ವ್ಯತ್ಯಾಸವೇ ಎಡಿಟರಿನ ನಿಜವಾದ ಗುಣ ಅಥವಾ ದೋಷ.

ಭಾಷೆಗಳ ಪರೀಕ್ಷೆ

ಅಂತರ್ಜಾಲದಲ್ಲಿ ಸಿಗುವ ವೇಗದ ಕೋಷ್ಟಕಗಳನ್ನು ಬದಿಗಿಡುವುದು ಒಳ್ಳೆಯದು. ಅವು ಅಳೆಯುವ ಗಣಿತದ ಲೆಕ್ಕಗಳಿಗೂ ನಿಮ್ಮ ದಿನನಿತ್ಯದ ಕೆಲಸಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ. ಅದರ ಬದಲು ಒಂದು ಸಣ್ಣ ಪ್ರೋಗ್ರಾಂ ಅನ್ನು ಗೊತ್ತುಮಾಡಿಕೊಂಡು ಅದನ್ನೇ ಪ್ರತಿ ಭಾಷೆಯಲ್ಲಿಯೂ ಬರೆಯಿರಿ. ಒಂದು ಪಠ್ಯ ಕಡತವನ್ನು ಓದಿ, ಪದಗಳನ್ನು ಎಣಿಸಿ, ಹೆಚ್ಚು ಬಾರಿ ಬಂದ ಹತ್ತು ಪದಗಳನ್ನು ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಬರೆಯುವ ಪ್ರೋಗ್ರಾಂ ಸಾಕು. ಅದಕ್ಕೆ ಒಂದು ಟೆಸ್ಟ್ ಇರಲಿ, ಹೊರಗಿನ ಒಂದು ಲೈಬ್ರರಿಯನ್ನೂ (ಬೇರೆಯವರು ಬರೆದಿಟ್ಟ ಕೋಡನ್ನೂ) ಅದು ಬಳಸಲಿ. ಏಕೆಂದರೆ ಲೈಬ್ರರಿಗಳನ್ನು ತರುವ ಪ್ಯಾಕೇಜ್ ವ್ಯವಸ್ಥೆಯ ಸುಖದುಃಖಗಳು ಹೊರಗಿನ ಲೈಬ್ರರಿ ಒಳಬಂದಾಗ ಮಾತ್ರ ಕಾಣುತ್ತವೆ.

ಪ್ರೋಗ್ರಾಂ ಸರಿಯಾಗಿ ಓಡಿದ ಮೇಲೆ ಅದನ್ನು ಬೇಕೆಂದೇ ಕೆಡಿಸಿ ನೋಡಬೇಕು. ಕಡತದ ನಡುವೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಗೆ (ಎನ್‌ಕೋಡಿಂಗ್) ಹೊಂದದ ಒಂದು ಬೈಟ್ ಸೇರಿಸಿ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೂಚಿಸಿ ತೆರೆದ ಪೈಥಾನ್ ಪ್ರೋಗ್ರಾಂ ಆ ಬೈಟ್ ಓದುವಾಗ ಯುನಿಕೋಡ್ ಡಿಕೋಡ್ ದೋಷವೆಂದು ಹೇಳಿ ನಿಂತುಬಿಡುತ್ತದೆ. ರಸ್ಟ್‌ನಲ್ಲಿ ಕಡತವನ್ನು ನೇರವಾಗಿ ಸ್ಟ್ರಿಂಗ್ ಆಗಿ ಓದುವ ಕ್ರಿಯೆ ದೋಷವನ್ನು ಫಲಿತಾಂಶದ ಭಾಗವಾಗಿಯೇ ಹಿಂತಿರುಗಿಸುತ್ತದೆ. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸದೆ ಒಳಗಿನ ಪಠ್ಯವನ್ನು ಪಡೆಯಲು ಬರುವುದಿಲ್ಲ. ಗೋ ಭಾಷೆ ಮಾತ್ರ ಬೈಟ್‌ಗಳನ್ನು ಇದ್ದಂತೆಯೇ ಓದಿಕೊಂಡು, ಅಕ್ಷರಗಳ ಮೇಲೆ ಲೂಪ್ ಓಡಿಸುವಾಗ ಕೆಟ್ಟ ಬೈಟಿನ ಜಾಗದಲ್ಲಿ ಬದಲಿ ಚಿಹ್ನೆಯನ್ನು ಕೊಟ್ಟು ಸದ್ದಿಲ್ಲದೆ ಮುಂದೆ ಸಾಗುತ್ತದೆ. ಇವುಗಳಲ್ಲಿ ಯಾವುದು ಸರಿ ಎಂಬುದು ನಿಮ್ಮ ಕೆಲಸವನ್ನು ಅವಲಂಬಿಸಿದೆ. ಲೆಕ್ಕಪತ್ರದ ದತ್ತಾಂಶಕ್ಕೆ ಮೌನ ಅಪಾಯಕಾರಿ. ಜಾಲತಾಣದ ಸರ್ವರಿನ ಲಾಗ್ (ಘಟನೆಗಳ ದಾಖಲೆ) ಜಾಲಾಡುವ ಪ್ರೋಗ್ರಾಂ ಒಂದು ಕೆಟ್ಟ ಬೈಟಿಗಾಗಿ ನಿಂತುಬಿಟ್ಟರೆ ಅದೂ ಅಷ್ಟೇ ಕಿರಿಕಿರಿ.

ಸ್ಟ್ರಿಂಗ್‌ಗಳ ಪರೀಕ್ಷೆಗೆ ‘ಕ್ಷ’ ಒಳ್ಳೆಯ ಮಾದರಿ. ಅದರ ಉದ್ದ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ 3 ಎಂದು ಬರುತ್ತದೆ, ಗೋ ಮತ್ತು ರಸ್ಟ್‌ನಲ್ಲಿ 9 ಎಂದು ಬರುತ್ತದೆ. ಮೊದಲನೆಯವು ಕ, ಹಲಂತ ಚಿಹ್ನೆ, ಷ ಎಂಬ ಮೂರು ಘಟಕಗಳನ್ನು ಎಣಿಸಿದರೆ, ಎರಡನೆಯವು ಅವು ಹಿಡಿಯುವ ಬೈಟ್‌ಗಳನ್ನು ಎಣಿಸುತ್ತವೆ. ಓದುಗರ ಕಣ್ಣಿಗೆ ಕಾಣುವ ಒಂದೇ ಅಕ್ಷರವನ್ನು ಯಾವುದೂ ಎಣಿಸುವುದಿಲ್ಲ. ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು: ‘ಹೆಸರು’ ಎಂಬ ಹೆಸರಿನ ವೇರಿಯಬಲ್ಲನ್ನು ಪೈಥಾನ್ 3 ಮತ್ತು ರಸ್ಟ್ ಒಪ್ಪುತ್ತವೆ, ಗೋ ಒಪ್ಪುವುದಿಲ್ಲ, ಸ್ವರ ಚಿಹ್ನೆಗಳು ಗೋ ಭಾಷೆಯ ನಿಯಮದಲ್ಲಿ ಅಕ್ಷರಗಳಲ್ಲ.

ಮುಂದಿನ ಹಂತದಲ್ಲಿ ಆ ಪ್ರೋಗ್ರಾಂ ಅನ್ನು ಬೇರೊಂದು ಕಂಪ್ಯೂಟರಿಗೆ ಒಯ್ಯಿರಿ. ಗೋ ಸಾಮಾನ್ಯವಾಗಿ ನೇರವಾಗಿ ಓಡುವ ಒಂದೇ ಬೈನರಿ ಕಡತವನ್ನು ಕೊಡುತ್ತದೆ. ಎರಡು ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಬದಲಿಸಿದರೆ ಲಿನಕ್ಸ್‌ನಲ್ಲಿ ಕುಳಿತು ವಿಂಡೋಸ್‌ಗೂ ಬಿಲ್ಡ್ ಮಾಡಬಹುದು. ಪೈಥಾನ್‌ಗೆ ಅಲ್ಲಿಯೂ ಇಂಟರ್‌ಪ್ರಿಟರ್ (ಕೋಡನ್ನು ಓದಿ ಓಡಿಸುವ ಪ್ರೋಗ್ರಾಂ) ಬೇಕು, ವರ್ಚುವಲ್ ಎನ್ವಿರಾನ್ಮೆಂಟ್ (ಯೋಜನೆಯ ಲೈಬ್ರರಿಗಳಿಗೆ ಪ್ರತ್ಯೇಕ ಜಾಗ) ಬೇಕು. ರಸ್ಟ್ ಕೂಡ ಬೈನರಿಯನ್ನೇ ಕೊಡುತ್ತದೆಯಾದರೂ ಕಂಪೈಲ್ ಆಗಲು ಹೆಚ್ಚು ಸಮಯ ಹಿಡಿಯುತ್ತದೆ, ಬಿಲ್ಡ್ ಕಡತಗಳ ಫೋಲ್ಡರ್ ಡಿಸ್ಕಿನಲ್ಲಿ ಬೇಗನೆ ಉಬ್ಬುತ್ತದೆ.

ಬರೆದ ಕೋಡ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅಳೆಯಲು ಭಾಷೆಯ ಹಿಂದಿನ ನಡವಳಿಕೆಯೇ ದಾರಿ. 2012ರಲ್ಲಿ ಗೋ 1 ಬಂದಾಗಲೇ, ಆ ಆವೃತ್ತಿಗೆ ಬರೆದ ಪ್ರೋಗ್ರಾಂಗಳು ಮುಂದೆಯೂ ಕಂಪೈಲ್ ಆಗುತ್ತವೆ ಎಂಬ ಭರವಸೆಯನ್ನು ಅದರ ತಂಡ ಕೊಟ್ಟಿತು. 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್, ಭಾಷೆಯ ನಿಯಮ ಬದಲಿಸಬೇಕಾದಾಗ ‘ಎಡಿಷನ್’ ಎಂಬ ವ್ಯವಸ್ಥೆಯನ್ನು ಬಳಸುತ್ತದೆ. ಹಳೆಯ ಎಡಿಷನ್ನಿನ ಲೈಬ್ರರಿಯೂ ಹೊಸದೂ ಒಂದೇ ಪ್ರೋಗ್ರಾಂನಲ್ಲಿ ಸೇರಬಹುದು. ಪೈಥಾನ್ 2ರಿಂದ 3ಕ್ಕೆ ಹೋಗುವ ದಾರಿ ಮಾತ್ರ 2008ರಿಂದ 2020ರ ಜನವರಿ 1ರವರೆಗೆ ಎಳೆಯಿತು. ಈಗ ಪೈಥಾನ್ ವರ್ಷಕ್ಕೊಂದು ಆವೃತ್ತಿ ತರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ ಕೊಡುತ್ತದೆ.

ಪರವಾನಗಿಯ ವಿಷಯದಲ್ಲಿ ಈ ಮೂರೂ ಭಾಷೆಗಳು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಗೋ ಬಿಎಸ್‌ಡಿ ಮಾದರಿಯದು, ರಸ್ಟ್ ಎಂಐಟಿ ಮತ್ತು ಅಪಾಚೆ ಎರಡನ್ನೂ ಕೊಡುತ್ತದೆ, ಪೈಥಾನ್‌ಗೆ ಅದರದೇ ಫೌಂಡೇಷನ್ನಿನ ಉದಾರ ಪರವಾನಗಿಯಿದೆ. ತೊಡಕು ಇರುವುದು ಎಡಿಟರ್‌ಗಳ ಕಡೆ.

ಎಡಿಟರ್‌ಗಳ ಪರೀಕ್ಷೆ

ವಿಎಸ್ ಕೋಡ್‌ನ ಆಕರ (ಮೂಲ ಕೋಡ್) ಎಂಐಟಿ ಪರವಾನಗಿಯಲ್ಲಿದೆ. ಆದರೆ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಳ್ಳುವ ಸಿದ್ಧ ರೂಪಕ್ಕೆ ಬೇರೆಯದೇ ಪರವಾನಗಿಯಿದೆ ಮತ್ತು ಅದರಲ್ಲಿ ಬಳಕೆಯ ಮಾಹಿತಿ ಕಳಿಸುವ ವ್ಯವಸ್ಥೆಯೂ ಇದೆ. ಅದೇ ಆಕರದಿಂದ ಕಟ್ಟಿದ ವಿಎಸ್‌ಕೋಡಿಯಂ ಆ ವ್ಯವಸ್ಥೆಯನ್ನು ಮುಚ್ಚಿ, ವಿಸ್ತರಣೆಗಳನ್ನು (ಪ್ಲಗಿನ್‌ಗಳನ್ನು) ಎಕ್ಲಿಪ್ಸ್ ಫೌಂಡೇಷನ್ ನಡೆಸುವ ಓಪನ್ ವಿಎಸ್‌ಎಕ್ಸ್ ಭಂಡಾರದಿಂದ ತರುತ್ತದೆ. ಎಲ್ಲ ವಿಸ್ತರಣೆಗಳೂ ಮುಕ್ತವಲ್ಲ. ಪೈಥಾನ್‌ಗಾಗಿ ಮೈಕ್ರೋಸಾಫ್ಟ್ ಕೊಡುವ ಪೈಲಾನ್ಸ್ ಮುಚ್ಚಿದ ತಂತ್ರಾಂಶ, ಅದರ ಒಡಲಿನಲ್ಲಿರುವ ಪೈರೈಟ್ ಮಾತ್ರ ಮುಕ್ತ. ಪೂರ್ತಿ ಮುಕ್ತ ಸಾಧನಗಳೇ ಬೇಕೆನ್ನುವವರು ವಿಎಸ್‌ಕೋಡಿಯಂನಲ್ಲಿ ಪೈರೈಟ್ ಹಾಕಿಕೊಂಡು ಹೋಲಿಸಬೇಕು. ಇಲ್ಲವಾದರೆ ಮುಚ್ಚಿದ ಭಾಗದ ಸೊಗಸು ಮುಕ್ತ ಎಡಿಟರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೊದಲು ಪ್ರತಿ ಎಡಿಟರನ್ನೂ ಬರಿಯ ಸ್ಥಿತಿಯಲ್ಲಿ ತೆರೆಯಿರಿ. ಟರ್ಮಿನಲ್‌ನಿಂದ (ಆಜ್ಞೆ ಟೈಪ್ ಮಾಡುವ ಕಿಟಕಿಯಿಂದ) ಆರಂಭಿಸುವಾಗ ನಿಯೋವಿಮ್‌ಗೆ ‘ಕ್ಲೀನ್’ (--clean) ಆಯ್ಕೆ, ಇಮ್ಯಾಕ್ಸ್‌ಗೆ ದೊಡ್ಡಕ್ಷರದ ‘ಕ್ಯೂ’ (-Q) ಆಯ್ಕೆ ಇದೆ. ವಿಎಸ್ ಕೋಡ್ ಅನ್ನು ವಿಸ್ತರಣೆಗಳಿಲ್ಲದೆ ಆರಂಭಿಸುವ ಆಯ್ಕೆಯೂ ಇದೆ. ಬಳಿಕ ಲ್ಯಾಂಗ್ವೇಜ್ ಸರ್ವರ್ ಒಂದನ್ನೇ ಜೋಡಿಸಿ. ನಿಯೋವಿಮ್‌ನಲ್ಲಿ 2021ರ 0.5 ಆವೃತ್ತಿಯಿಂದ, ಇಮ್ಯಾಕ್ಸ್‌ನಲ್ಲಿ 2023ರ 29ನೇ ಆವೃತ್ತಿಯಿಂದ ಇದಕ್ಕೆ ಬೇಕಾದ ಭಾಗ ಒಳಗೇ ಬರುತ್ತದೆ. ಸಂರಚನೆ (ಸೆಟ್ಟಿಂಗ್‌ಗಳು) ಬರೆಯಲು ಮನಸ್ಸಿಲ್ಲದವರಿಗೆ ಹೀಲಿಕ್ಸ್ ಎಂಬ ಎಡಿಟರ್ ಹಿಡಿಸಬಹುದು; ಲ್ಯಾಂಗ್ವೇಜ್ ಸರ್ವರ್ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಬಹುತೇಕ ಭಾಷೆಗಳಿಗೆ ಅದು ತಾನಾಗಿಯೇ ಹುಡುಕಿಕೊಳ್ಳುತ್ತದೆ.

ಈಗ ಪ್ರತಿ ಎಡಿಟರಿನಲ್ಲಿಯೂ ಒಂದೇ ಯೋಜನೆಯನ್ನು ತೆರೆದು ಈ ಕೆಲಸಗಳನ್ನೇ ಮಾಡಿ: ಹಲವು ಕಡತಗಳಲ್ಲಿ ಹರಡಿರುವ ಒಂದು ಫಂಕ್ಷನ್ನಿನ ಹೆಸರು ಬದಲಿಸಿ ಅದನ್ನು ರದ್ದುಗೊಳಿಸುವುದು, ದೋಷ ಹುಡುಕುವ ಡಿಬಗರ್‌ನಲ್ಲಿ ಪ್ರೋಗ್ರಾಂ ಅನ್ನು ಒಂದು ಸಾಲಿನಲ್ಲಿ ನಿಲ್ಲಿಸುವುದು, ನೂರಾರು ಮೆಗಾಬೈಟಿನ ಲಾಗ್ ಕಡತ ತೆರೆದು ಕೊನೆಯ ಸಾಲಿಗೆ ಹೋಗುವುದು. ಹೆಸರು ಬದಲಿಸುವುದಕ್ಕಿಂತ ಅದನ್ನು ರದ್ದುಗೊಳಿಸುವುದರಲ್ಲಿಯೇ ಎಡಿಟರ್‌ಗಳ ನಡುವಿನ ಅಂತರ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಕೆಲವು ಎಡಿಟರ್‌ಗಳಲ್ಲಿ ಪ್ರತಿ ಕಡತಕ್ಕೂ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕಾಗುತ್ತದೆ. ಕನ್ನಡದ ಟಿಪ್ಪಣಿಗಳಿರುವ ಕೋಡನ್ನೂ ತೆರೆದು ನೋಡಿ. ನಿಯೋವಿಮ್‌ನಂತಹ ಎಡಿಟರ್ ಓಡುವ ಟರ್ಮಿನಲ್ ಪ್ರತಿ ಅಕ್ಷರಕ್ಕೂ ಗೊತ್ತಾದ ಅಗಲದ ಮನೆಗಳನ್ನು ಕೊಡುವುದರಿಂದ ಅಲ್ಲಿ ಒತ್ತಕ್ಷರಗಳು ಕದಡಿ, ಕರ್ಸರ್ ಒಂದು ಕಡೆ ಇದ್ದರೆ ಅಕ್ಷರ ಇನ್ನೊಂದು ಕಡೆ ಮೂಡುವುದುಂಟು.

ವಿಮ್ ಎಂಬ ಹಳೆಯ ಎಡಿಟರಿನ ಶೈಲಿಯ ಕೀಲಿಗಳು (ಕೀಬೋರ್ಡ್ ಆಜ್ಞೆಗಳು) ತಮಗೆ ಒಗ್ಗುತ್ತವೆಯೇ ಎಂದು ತಿಳಿಯಲು ಎಡಿಟರ್ ಬದಲಿಸುವ ಅಗತ್ಯವಿಲ್ಲ. ವಿಎಸ್ ಕೋಡ್‌ಗೂ ಇಮ್ಯಾಕ್ಸ್‌ಗೂ ಆ ಕೀಲಿಗಳನ್ನು ತರುವ ವಿಸ್ತರಣೆಗಳಿವೆ. ವಿಮ್ ಮತ್ತು ಇಮ್ಯಾಕ್ಸ್ ಪಕ್ಷಗಳ ಹಳೆಯ ಜಗಳ ಎಷ್ಟೇ ರಂಜಕವಾಗಿದ್ದರೂ ಆಯ್ಕೆ ಮಾಡುವವರಿಗೆ ಅದರಿಂದ ಪ್ರಯೋಜನ ಕಡಿಮೆ.

ಆಯ್ಕೆ ಮುಗಿದ ಮೇಲೆ, ಎಲ್ಲರಿಗೂ ಅನ್ವಯಿಸುವ ಸಂಗತಿಗಳು ಎಡಿಟರಿನ ಸೆಟ್ಟಿಂಗ್‌ಗಳಲ್ಲಿ ಅಡಗಿರದಂತೆ ನೋಡಿಕೊಳ್ಳಬೇಕು. ಸಾಲಿನ ಇಂಡೆಂಟ್ (ಆರಂಭದಲ್ಲಿ ಬಿಡುವ ಜಾಗ) ಹಲವು ಎಡಿಟರ್‌ಗಳು ಓದುವ ಎಡಿಟರ್‌ಕಾನ್ಫಿಗ್ ಕಡತದಲ್ಲಿರಲಿ, ಭಾಷೆಯ ಆವೃತ್ತಿ ಯೋಜನೆಯ ಫೋಲ್ಡರಿನಲ್ಲಿಯೇ ನಮೂದಾಗಿರಲಿ, ಕೋಡಿನ ರೂಪ ತಿದ್ದುವ ಗೋಫಮ್ಟ್, ರಸ್ಟ್‌ಫಮ್ಟ್ ಅಥವಾ ಬ್ಲ್ಯಾಕ್ ಎಂಬ ಸಾಧನ ಟರ್ಮಿನಲ್‌ನಿಂದಲೂ ಓಡುವಂತಿರಲಿ. ಗಿಟ್‌ಹಬ್ ತನ್ನ ಆಟಮ್ ಎಡಿಟರನ್ನು 2022ರ ಡಿಸೆಂಬರ್ 15ರಂದು ನಿಲ್ಲಿಸಿತು. ಹೀಗೆ ಇಟ್ಟುಕೊಂಡ ಯೋಜನೆಗೆ ಅಂತಹ ದಿನ ಬಂದರೆ ಬದಲಾಗಬೇಕಾದದ್ದು ಎಡಿಟರ್ ಮಾತ್ರ. ಇದನ್ನು ಖಚಿತಪಡಿಸಿಕೊಳ್ಳಲು ಯೋಜನೆಯನ್ನು ಖಾಲಿ ಫೋಲ್ಡರಿಗೆ ಗಿಟ್‌ನಿಂದ ಇಳಿಸಿಕೊಂಡು, ಯಾವ ಎಡಿಟರನ್ನೂ ತೆರೆಯದೆ, ಬಿಲ್ಡ್, ಟೆಸ್ಟ್ ಮತ್ತು ಫಾರ್ಮ್ಯಾಟ್ ಮೂರನ್ನೂ ಟರ್ಮಿನಲ್‌ನಲ್ಲಿ ಓಡಿಸಿ ನೋಡಿರಿ.