ಪೋಡಿನ ಮಕ್ಕಳನ್ನು ವಕೀಲಿ ವೃತ್ತಿಗೆ ಕರೆದ ಫೋಟೊ ಸ್ಪರ್ಧೆ: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಡಿಗ್ರಿ ಓದುವ ಮಕ್ಕಳು ಈಗ ಇದ್ದಾರೆ. ಮುಂದೇನು ಎಂದು ಕೇಳಿದರೆ ನರ್ಸಿಂಗ್, ಟೀಚರ್, ಫಾರೆಸ್ಟ್ ವಾಚರ್ ಎನ್ನುತ್ತಾರೆ. ಲಾ ಎನ್ನುವವರು ಅಪರೂಪ. ವಕೀಲೆಯಾದ ನಾನೂ ಪೋಡಿನವಳೇ ಆದ್ದರಿಂದ ಕಾರಣ ಗೊತ್ತು. ನಮ್ಮ ಹಿರಿಯರಿಗೆ ಕೋರ್ಟು ಅಂದರೆ ಕಾಡಿನ ಕೇಸಿಗೆ ಹೋಗಿ ಕೈಕಟ್ಟಿ ನಿಲ್ಲುವ ಜಾಗ. ಆ ಭಯ ಭಾಷಣದಿಂದ ಹೋಗುವುದಿಲ್ಲ.

ಫೋಟೊ ಸ್ಪರ್ಧೆಯ ಯೋಚನೆ ಬಂದದ್ದು ಅರಣ್ಯ ಹಕ್ಕಿನ, ಅಂದರೆ ಕಾಡಿನ ನೆಲ ಮತ್ತು ಬಳಕೆಯ ಮೇಲೆ ಕಾಡುವಾಸಿಗಳಿಗಿರುವ ಹಕ್ಕಿನ, ಅರ್ಜಿಗಳನ್ನು ತಯಾರಿಸುವಾಗ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದು ಯಾವುದನ್ನೆಲ್ಲ ಸಾಕ್ಷ್ಯವಾಗಿ ಒಪ್ಪಬಹುದು ಎಂದು ಹೇಳುತ್ತದೆ. ಸರ್ಕಾರಿ ದಾಖಲೆಗಳಷ್ಟೇ ಅಲ್ಲ, ಮನೆ, ಜಮೀನಿನ ಬದು, ಹಳೆಯ ಬಾವಿ, ಸಮಾಧಿ, ಪವಿತ್ರ ಸ್ಥಳ, ಹಿರಿಯರ ಹೇಳಿಕೆ ಇವೂ ಸಾಕ್ಷ್ಯವೇ. 1974ರಲ್ಲಿ ಅಭಯಾರಣ್ಯವಾದ ಮೇಲೆ ಕಾಡೊಳಗಿನ ಪೋಡು ಬಿಟ್ಟು ಬಂದವರ ಹತ್ತಿರ ಕಾಗದ ಎಲ್ಲಿರುತ್ತದೆ? ಆದರೆ ಒಂದೊಂದು ಕುಲಕ್ಕೂ ಒಂದು ಎಲ್ಲೆ, ಅಂದರೆ ಹಿರಿಯರಿಂದ ಬಂದ ತನ್ನದೇ ಪ್ರದೇಶ, ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿ ಕಲ್ಲುಗಳ ಜಾಗ), ಅಬ್ಬಿ (ನೀರಿನ ಸೆಲೆ) ಎಂಬ ಪವಿತ್ರ ಜಾಗಗಳಿವೆ. 2011ರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲು. ಇಂಥ ಜಾಗಗಳ ಚಿತ್ರ ತೆಗೆಯುವ ಮಕ್ಕಳು ತಮಗೆ ತಿಳಿಯದೆಯೇ ವಕೀಲರ ಕೆಲಸ ಶುರು ಮಾಡಿರುತ್ತಾರೆ ಅನ್ನಿಸಿತು.

ಚಿತ್ರವನ್ನು ಮೊಬೈಲಿನಲ್ಲೇ ತೆಗೆಯಬೇಕು, ಜೊತೆಗೆ ನಾಲ್ಕು ಸಾಲು ಬರೆಯಬೇಕು: ಜಾಗ ಯಾರದ್ದು, ಹೇಳಿದ ಹಿರಿಯರು ಯಾರು, ಎಂದಿನಿಂದ ಬಳಕೆಯಲ್ಲಿದೆ, ಯಾವ ಹಕ್ಕಿಗೆ ಸಾಕ್ಷಿ. ಕೊನೆಯ ಸಾಲು ಬರೆಯಲು ಕಾಯ್ದೆ ಬಿಡಿಸಿ ಓದಲೇಬೇಕು. ನನಗೆ ಬೇಕಿದ್ದದ್ದೂ ಅದೇ.

ಹಿರಿಯರು ಬೇಡವೆಂದ ಜಾಗದ ಚಿತ್ರ ಬೇಡ. ಕಾಡೊಳಕ್ಕೆ ಅನುಮತಿ ಪಡೆದು, ಹಿರಿಯರ ಜೊತೆಗೇ ಹೋಗಬೇಕು. ಲೊಕೇಶನ್ ಆನ್ ಇರಲಿ, ಫಿಲ್ಟರ್ ಬೇಡ, ಕ್ರಾಪ್ ಬೇಡ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ದಿನಾಂಕ, ಸ್ಥಳದ ವಿವರ ಕಳಚಿಹೋಗುತ್ತದೆ, ಹಾಗಾಗಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಟ್ಟೆ. ಮೂಲ ಫೈಲು ತೆಗೆದ ಫೋನಿನಲ್ಲೇ ಉಳಿಯಬೇಕು. ನಾಳೆ ವಿಷಯ ಕೋರ್ಟಿಗೆ ಹೋದರೆ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಪ್ರದರ್ಶನದ ಪ್ರತಿಗಳಲ್ಲಿ ಮಾತ್ರ ಸ್ಥಳದ ವಿವರ ತೆಗೆದುಹಾಕಿದೆವು. ದೇವರ ಜಾಗ, ಜೇನಿನ ಮರ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಹಿರಿಯರೇ ತೀರ್ಪುಗಾರರು. ಚೆಂದದ ಸೂರ್ಯಾಸ್ತಗಳನ್ನೆಲ್ಲ ಅವರು ಬದಿಗಿಟ್ಟರು. ಬಿ.ಎ. ಓದುವ ಹುಡುಗಿಯೊಬ್ಬಳ ಚಿತ್ರವನ್ನು ಕೈಯಿಂದ ಕೈಗೆ ದಾಟಿಸುತ್ತ ಬಹಳ ಹೊತ್ತು ನೋಡಿದರು. ಲಂಟಾನದ ನಡುವೆ ಕಲ್ಲುಗುಡಿ, ಪಕ್ಕದಲ್ಲಿ ಬೆರಳು ತೋರಿಸುತ್ತ ನಿಂತ ಅವಳಜ್ಜಿ. ಯಾವ ಕಲ್ಲು ಯಾರದೆಂದು ಅಜ್ಜಿ ಹೇಳಿದ್ದನ್ನು ಅವಳು ಕೆಳಗೆ ಬರೆದಿದ್ದಳು. "ಇದ ಅರ್ಜಿಗೆ ಸೇರ್ಸವ್ವ" ಎಂದರು ಒಬ್ಬರು. ಆಮೇಲೆ ಅವಳು ನನ್ನ ಹತ್ತಿರ ಬಂದು, "ಅಕ್ಕ, ಇದನ್ನ ಕೋರ್ಟಲ್ಲಿ ನಾನೇ ಹೇಳಬಹುದಾ?" ಎಂದು ಕೇಳಿದಳು. ಸಾಕ್ಷಿಯಾಗಿ ಈಗಲೇ ಹೇಳಬಹುದು, ವಕೀಲೆಯಾಗಿ ಹೇಳಲು ಡಿಗ್ರಿ ಮುಗಿಸಿ ಇನ್ನು ಮೂರು ವರ್ಷ ಓದಬೇಕು ಎಂದೆ. ಇಷ್ಟು ವರ್ಷದ ವೃತ್ತಿಯಲ್ಲಿ ನನಗೆ ಇದಕ್ಕಿಂತ ಸಂತೋಷ ಕೊಟ್ಟ ಪ್ರಶ್ನೆ ಇನ್ನೊಂದಿಲ್ಲ.

ಗೆದ್ದವರಿಗೆ ನನ್ನ ಜೊತೆ ಚಾಮರಾಜನಗರದ ಕೋರ್ಟಿನಲ್ಲಿ ಕೂತು ಕಲಾಪ ನೋಡುವುದೇ ಬಹುಮಾನ. ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿಯೇ ನಡೆಯುತ್ತದೆ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು ಎಂಬುದೇ ಅವರಿಗೆ ಹೊಸ ಸುದ್ದಿ. ಪರಿಶಿಷ್ಟ ಪಂಗಡದವರಿಗೆ ಎಲ್‌ಎಲ್‌ಬಿ ಸೇರಲು ಡಿಗ್ರಿಯಲ್ಲಿ ಶೇ. 40 ಅಂಕ ಸಾಕು. ವಕೀಲರ ಪರಿಷತ್ತಿನ ನೋಂದಣಿ ಶುಲ್ಕ ಅವರಿಗೆ 125 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಈ ಎರಡು ಸಂಗತಿ ಕೇಳಿ ತಂದೆ-ತಾಯಿಗಳೂ ಹತ್ತಿರ ಬಂದು ಕೂತರು.

ಕಷ್ಟ ಇರುವುದು ಓದು ಮುಗಿದ ಮೇಲೆ. ಜೂನಿಯರ್ ಆಗಿ ದುಡಿಯುವ ಮೊದಲ ವರ್ಷಗಳಲ್ಲಿ ಬಸ್ ಚಾರ್ಜಿಗೂ ತತ್ವಾರ. ಕಾನೂನು ಪದವೀಧರರಿಗೆ ಸರ್ಕಾರ ಕೊಡುವ ತರಬೇತಿ ಭತ್ಯೆಯ ವಿಷಯವನ್ನು ಸ್ಪರ್ಧೆಯ ದಿನವೇ ಹೇಳಿಬಿಡಿ. ನಿಮ್ಮ ಕಡೆ, ಜೇನುಕುರುಬರ ಹಾಡಿಗಳಲ್ಲೋ ಕೊರಗರ ಕಾಲೊನಿಗಳಲ್ಲೋ, ಇಂಥದ್ದು ಮಾಡುವುದಾದರೆ ಡಿಗ್ರಿ ಫಲಿತಾಂಶಕ್ಕೆ ಮುಂಚೆಯೇ ಮಾಡಿ. ಜಾತಿ, ಆದಾಯ ಪ್ರಮಾಣಪತ್ರ ಇಲ್ಲದವರ ಪಟ್ಟಿ ಅಂದೇ ಬರೆದುಕೊಂಡರೆ ಕಾಲೇಜು ಅರ್ಜಿಯ ಹೊತ್ತಿಗೆ ನಾಡಕಚೇರಿಯಿಂದ ಅವು ಕೈಗೆ ಬಂದಿರುತ್ತವೆ.