ಅನಿಮೆ ಹೇಳಿ ಅಂದವರಿಗೆ ಹತ್ತು ಹೆಸರು ಬೇಡ, ಒಂದೇ ಹೇಳಿ

ಬೆಳಗಾವಿಯ ಕಾಲೇಜು ಹುಡುಗರ ನಡುವೆ ಸ್ವಲ್ಪ ಹೊತ್ತು ಕುಳಿತರೆ ಈ ಮಾತು ಕಿವಿಗೆ ಬೀಳುತ್ತದೆ: ‘ಒಂದ್ ಚೊಲೋ ಅನಿಮೆ ಹೇಳಲೇ.’ ಅನಿಮೆ ಎಂದರೆ ಜಪಾನಿನ ಆ್ಯನಿಮೇಷನ್ ಸರಣಿ, ಸಿನಿಮಾ. ಮರುಕ್ಷಣವೇ ವಾಟ್ಸ್ಆ್ಯಪ್‌ನಲ್ಲಿ ಹತ್ತು ಹೆಸರಿನ ಪಟ್ಟಿ ಬರುತ್ತದೆ. ಪಟ್ಟಿಯ ತಲೆಯಲ್ಲೇ ‘ಒನ್ ಪೀಸ್’. 1999ರಲ್ಲಿ ಶುರುವಾಗಿ ಸಾವಿರ ಕಂತು ದಾಟಿದರೂ ಮುಗಿಯದ ಸರಣಿ ಅದು. ಹೊಸಬರು ಕಂತುಗಳ ಸಂಖ್ಯೆ ನೋಡಿಯೇ ಕೈಬಿಡುತ್ತಾರೆ. ಹೀಗೆ ಅನಿಮೆಯಿಂದಲೇ ದೂರವಾದವರನ್ನು ಬಹಳ ನೋಡಿದ್ದೇನೆ. ಸರಣಿಯದ್ದೇನೂ ತಪ್ಪಿರುವುದಿಲ್ಲ, ಹೇಳಿದ ರೀತಿ ತಪ್ಪಿರುತ್ತದೆ.

ಹಂತ 1: ಮೊದಲು ಕೇಳಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

‘ನಿಂಗ ಆಕ್ಷನ್ ಬೇಕೋ, ಕಾಮಿಡಿ ಬೇಕೋ?’ ಎಂದು ಕೇಳಿದರೆ ‘ಯಾವ್ದಾದ್ರೂ ನಡೀತದ’ ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ‘ಇತ್ತೀಚೆಗೆ ನಿದ್ದೆಗೆಟ್ಟು ಪೂರ್ತಿ ನೋಡಿದ್ದು ಯಾವುದು?’ ಎಂದು ಕೇಳಿ. ಸಿನಿಮಾ, ಧಾರಾವಾಹಿ, ಕ್ರಿಕೆಟ್ ಮ್ಯಾಚ್, ಏನಾದರೂ ಆಗಲಿ. ದಾರಿ ಸಿಗುವುದು ಆ ಉತ್ತರದಲ್ಲೇ.

ಕ್ರೈಮ್ ಸೀರೀಸ್ ಎಂದರೆ ‘ಮಾನ್‌ಸ್ಟರ್’ ಹೇಳಿ. ಜರ್ಮನಿಯಲ್ಲಿರುವ ಜಪಾನಿ ಡಾಕ್ಟರ್ ಒಬ್ಬ ಮೇಯರ್‌ನನ್ನು ಬಿಟ್ಟು, ಮೊದಲು ಬಂದ ಹುಡುಗನಿಗೆ ಆಪರೇಷನ್ ಮಾಡುತ್ತಾನೆ. ಹುಡುಗ ಬದುಕುತ್ತಾನೆ. ಡಾಕ್ಟರ್‌ಗೆ ಕಷ್ಟ ಶುರುವಾಗುವುದೇ ಅಲ್ಲಿಂದ. 74 ಕಂತು, ನಿಧಾನವಾಗಿ ಸಾಗುತ್ತದೆ. ಅದನ್ನೂ ಹೇಳಿಯೇ ಕೊಡಿ.

ಆನಂದವಾಡಿ ಅಖಾಡದ ಕುಸ್ತಿ ತಪ್ಪಿಸದವರಿಗೆ ಬಾಕ್ಸಿಂಗ್ ಕಥೆ ‘ಹಾಜಿಮೆ ನೋ ಇಪ್ಪೋ’ ಸರಿಹೋಗುತ್ತದೆ. ಊರಿನ ವಾಲಿಬಾಲ್ ಟೂರ್ನಮೆಂಟ್‌ಗೆ ಓಡುವವರಿಗೆ ‘ಹೈಕ್ಯೂ’ ಇದೆ. ಅದರ ಹೀರೋ ಕುಳ್ಳ, ಆದರೆ ಅವನ ಜಿಗಿತ ನೋಡಬೇಕು. ಅಜ್ಜಿಯ ದೆವ್ವದ ಕಥೆಗಳನ್ನು ಇಂದಿಗೂ ಮರೆಯದವರಿಗೆ 26 ಕಂತಿನ ‘ಮುಶಿಶಿ’. ಪ್ರತಿ ಕಂತಿಗೂ ಬೇರೆ ಕಥೆ ಇರುವುದರಿಂದ ನಡುವೆ ಒಂದು ವಾರ ಬಿಟ್ಟರೂ ಏನೂ ತಪ್ಪಿಹೋಗುವುದಿಲ್ಲ.

ಎರಡನೇ ಪ್ರಶ್ನೆ: ಎಲ್ಲಿ, ಯಾರ ಜೊತೆ ನೋಡ್ತೀರಿ? ಇದನ್ನು ಯಾರೂ ಕೇಳುವುದೇ ಇಲ್ಲ. ಹಾಸ್ಟೆಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡುವುದೇ ಬೇರೆ, ಹಾಲ್‌ನ ಟಿವಿಯಲ್ಲಿ ಅಪ್ಪ ಅಮ್ಮನ ಜೊತೆ ನೋಡುವುದೇ ಬೇರೆ. ಎಷ್ಟೋ ಒಳ್ಳೆಯ ಅನಿಮೆಗಳಲ್ಲಿ ಇದ್ದಕ್ಕಿದ್ದಂತೆ ಮುಜುಗರದ ದೃಶ್ಯ ಬರುತ್ತದೆ. ಮನೆಮಂದಿಗೆ ಹೇಳುವ ಮೊದಲು ನೀವೇ ಪೂರ್ತಿ ನೋಡಿರಬೇಕು. ಇದರಲ್ಲಿ ರಾಜಿ ಬೇಡ.

‘ಸಿಲ್ವರ್ ಸ್ಪೂನ್’ ಉದಾಹರಣೆ ನೋಡಿ. ಪೇಟೆಯ ಹುಡುಗನೊಬ್ಬ ಜಪಾನಿನ ಹೊಕ್ಕೈಡೋ ದ್ವೀಪದ ಕೃಷಿ ಶಾಲೆ ಸೇರುತ್ತಾನೆ. ಬೆಳಗ್ಗೆ ಕತ್ತಲಲ್ಲೇ ಎದ್ದು ದನದ ಕೊಟ್ಟಿಗೆ, ಕೋಳಿ ಗೂಡು ನೋಡಿಕೊಳ್ಳಬೇಕು. ಗೋಕಾಕ, ರಾಯಬಾಗದ ಕಡೆಯ ರೈತರ ಮನೆಯವರು ಇದನ್ನು ತಮ್ಮದೇ ಕಥೆಯಂತೆ ನೋಡುತ್ತಾರೆ. ಹಾಲಿನ ರೇಟು, ಸಾಲ, ಜಮೀನು ಉಳಿಸಿಕೊಳ್ಳುವ ಒದ್ದಾಟ ಎಲ್ಲ ಅದರಲ್ಲಿದೆ. ಬರೆದ ಹಿರೋಮು ಅರಾಕಾವಾ ಕೂಡ ಹೊಕ್ಕೈಡೋದ ಹೈನುಗಾರರ ಮನೆ ಮಗಳು. ಆದರೆ ಆ ಹುಡುಗ ಒಂದು ಹಂದಿಮರಿಗೆ ಪ್ರೀತಿಯಿಂದ ಹೆಸರಿಟ್ಟು ಸಾಕುತ್ತಾನೆ, ಶಾಲೆ ಅದನ್ನು ಸಾಕಿಸುವುದು ಮಾಂಸಕ್ಕೆ. ಅದನ್ನು ಕಥೆ ಎಲ್ಲೂ ಮುಚ್ಚಿಡುವುದಿಲ್ಲ. ನಮ್ಮಲ್ಲಿ ಜೈನರ, ಲಿಂಗಾಯತರ ಮನೆಗಳು ಬಹಳ. ಈ ವಿಷಯವನ್ನು ಮೊದಲೇ ಹೇಳಿ. ಗೊತ್ತಿದ್ದು ನೋಡುವವರು ನೋಡುತ್ತಾರೆ. ಗೊತ್ತಿಲ್ಲದೆ ನೋಡಿದವರು ನೊಂದುಕೊಳ್ಳುತ್ತಾರೆ.

ಮಕ್ಕಳಿಗಾದರೆ ಇನ್ನೂ ಹುಷಾರು. ಡೋರೇಮಾನ್ ನೋಡಿ ಬೆಳೆದ ಹುಡುಗನಿಗೆ ‘ಅಟ್ಯಾಕ್ ಆನ್ ಟೈಟನ್’ ಹಾಕಿಕೊಡುವವರಿದ್ದಾರೆ, ಎರಡೂ ಕಾರ್ಟೂನೇ ಅಲ್ವಾ ಎಂದು. ಮೊದಲ ಕಂತಿನಲ್ಲೇ ನಾಯಕನ ತಾಯಿಯನ್ನು ಅವನ ಕಣ್ಣೆದುರೇ ದೈತ್ಯ ತಿನ್ನುತ್ತದೆ! 2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಆ್ಯಪ್‌ಗಳು ಯು, ಯು/ಎ 7+, 13+, 16+, ಎ ಎಂದು ವಯಸ್ಸಿನ ಗುರುತು ಹಾಕಲೇಬೇಕು. ಅದನ್ನು ಓದಿ.

ಹಂತ 2: ಒಂದೇ ಹೆಸರು ಆರಿಸಿ

ಹೊಸಬರಿಗೆ ಮುಗಿದ ಕಥೆಯನ್ನೇ ಕೊಡಿ. ಏನೂ ಹೊಳೆಯದಿದ್ದರೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’. ಸತ್ತ ತಾಯಿಯನ್ನು ವಾಪಸ್ ತರಲು ಹೋಗಿ ತಮ್ಮ ದೇಹವನ್ನೇ ಕಳೆದುಕೊಂಡ ಅಣ್ಣ ತಮ್ಮಂದಿರ ಕಥೆ, 64 ಕಂತು. ಇದೂ ಅರಾಕಾವಾ ಅವರದ್ದೇ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಹಂತ 3: ಯಾವ ಕ್ರಮದಲ್ಲಿ ನೋಡಬೇಕು ಎಂದು ಬರೆದು ಕೊಡಿ

ಸುಮ್ನೆ ಹೆಸರು ಹೇಳಿ ಬಿಟ್ಟರೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ‘ಫುಲ್‌ಮೆಟಲ್’ ಹುಡುಕಿದರೆ ಎರಡು ಇವೆ. 2003ರದ್ದು ಮೂಲ ಮಂಗಾ (ಜಪಾನಿ ಕಾಮಿಕ್ಸ್) ಮುಗಿಯುವ ಮೊದಲೇ ಬಂದದ್ದು, ಅದರ ಕಥೆ ಬೇರೆ ದಾರಿ ಹಿಡಿಯುತ್ತದೆ. ನೀವು ಹೇಳುತ್ತಿರುವುದು 2009ರದ್ದು ಎಂದು ಬರೆಯಿರಿ. ‘ಡೀಮನ್ ಸ್ಲೇಯರ್’ ಆದರೆ ಮೊದಲ ಸೀಸನ್‌ನ 26 ಕಂತು, ಆಮೇಲೆ ‘ಮುಗೆನ್ ಟ್ರೇನ್’. ಇದು ಸಿನಿಮಾ ಆಗಿಯೂ ಇದೆ, 7 ಕಂತಾಗಿಯೂ ಇದೆ. ಕಥೆ ಒಂದೇ, ಎರಡರಲ್ಲಿ ಒಂದು ಸಾಕು. ನಾನಂತೂ ಸಿನಿಮಾ ಎನ್ನುತ್ತೇನೆ.

ಹಂತ 4: ಭಾಷೆ

ಕನ್ನಡ ಡಬ್ಬಿಂಗ್ ಅಪರೂಪ. ಅನಿಮೆ ಆ್ಯಪ್ ಕ್ರಂಚಿರೋಲ್‌ನಲ್ಲಿ ಕೆಲವು ಸರಣಿಗಳಿಗೆ ಹಿಂದಿ, ತಮಿಳು, ತೆಲುಗು ಇದೆ. ಜಪಾನಿ ದನಿಯೇ ಚಂದ, ನಿಜ. ಆದರೆ ಇಂಗ್ಲಿಷ್ ಸಬ್‌ಟೈಟಲ್ ಓದುವುದರಲ್ಲೇ ಸುಸ್ತಾಗುವವರಿಗೆ ಅದನ್ನು ಹೇರಬೇಡಿ. ಬೆಳಗಾವಿಯವರಿಗೆ ಹಿಂದಿ ಹೊಸದಲ್ಲ. ಮೊದಲ ಸರಣಿ ಹಿಂದಿಯಲ್ಲೇ ನೋಡಲಿ.

ಹಂತ 5: ಎಲ್ಲಿ ಸಿಗುತ್ತದೆ ಎಂದು ಅವತ್ತೇ ನೋಡಿ ಹೇಳಿ

ಹಕ್ಕುಗಳು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಯೂಟ್ಯೂಬ್‌ನಲ್ಲಿ ಮ್ಯೂಸ್ ಏಷ್ಯಾ ತರಹದ ಅಧಿಕೃತ ಚಾನೆಲ್‌ಗಳೂ ಇವೆ, ದುಡ್ಡು ಕೊಡಬೇಕಿಲ್ಲ. ಕದ್ದು ಹಾಕುವ ಪುಕ್ಕಟೆ ಸೈಟ್‌ಗಳ ಲಿಂಕ್ ಮಾತ್ರ ಯಾರಿಗೂ ಕಳಿಸಬೇಡಿ. ಪ್ಲೇ ಒತ್ತಿದರೆ ಜೂಜಿನ ಜಾಹೀರಾತು, ಮತ್ತೊಮ್ಮೆ ಒತ್ತಿದರೆ ಯಾವುದೋ ಎಪಿಕೆ (ಆ್ಯಪ್ ಫೈಲ್) ಇಳಿಸಿಕೊಳ್ಳಿ ಎನ್ನುತ್ತದೆ. ಬ್ಯಾಂಕ್ ಆ್ಯಪ್ ಇರುವ ಫೋನ್‌ನಲ್ಲಿ ಇದು ಬೇಕಾ? ಟೆಲಿಗ್ರಾಂನಲ್ಲಿ ಮಾರುವ ‘ಲೈಫ್‌ಟೈಮ್ ಅಕೌಂಟ್’ ಕೂಡ ಬೇಡ. ಹತ್ತು ನಿಮಿಷದಲ್ಲಿ ಪೂರ್ತಿ ಕಥೆ ಹೇಳುವ ವಿಡಿಯೊಗಳನ್ನಂತೂ ಮುಟ್ಟಲೇಬೇಡಿ ಎನ್ನಿ. ‘ಮಾನ್‌ಸ್ಟರ್’ ಕಥೆ ಮೊದಲೇ ಗೊತ್ತಾದರೆ ನೋಡುವುದಕ್ಕೆ ಏನು ಉಳಿಯುತ್ತದೆ?

ಹಂತ 6: ಮೂರು ಕಂತು

ಒಂದು ಕಂತು ಸುಮಾರು 24 ನಿಮಿಷ. ಮೂರು ಕಂತು ನೋಡಲಿ, ಒಂದು ಗಂಟೆ ಚಿಲ್ಲರೆ. ಹಿಡಿಸದಿದ್ದರೆ ಬಿಡಲಿ. ‘ಇಪ್ಪತ್ತನೇ ಕಂತಿನಿಂದ ಮಸ್ತ್ ಐತಿ, ತಡಿ’ ಎಂದು ಹಟ ಮಾಡಬೇಡಿ. ಯಾವ ದೃಶ್ಯದಲ್ಲಿ ಬೇಜಾರಾಯಿತು ಎಂದು ಕೇಳಿಕೊಂಡು ಮೊದಲ ಹಂತಕ್ಕೆ ಹೋಗಿ. ಇನ್ನೊಂದು ಹೆಸರು ಹೇಳಿ, ಆಗಲೂ ಒಂದೇ.