ಇಳಿದೆನೋ, ಇಳಿಸಿದೆನೋ: ಫ್ರೆಂಚ್ ಭೂತಕಾಲ ನನ್ನ ತಲೆಗೆ ಹತ್ತಿದ ಬಗೆ

ಫ್ರಾನ್ಸಿನ ಲಿಯೋನ್ ಊರಿನಲ್ಲಿ, ಕ್ರ್ವಾ-ರೂಸ್ ಗುಡ್ಡದ ಮೇಲೆ ನಮ್ಮ ಮನೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಹಿಂದೆ ರೇಷ್ಮೆ ನೇಯುವವರು ಇದ್ದ ಕಟ್ಟಡಗಳಿವು. ಎತ್ತರದ ಜಕಾರ್ ಮಗ್ಗ ಹಿಡಿಸಲಿ ಅಂತ ಚಾವಣಿಯನ್ನು ಅಷ್ಟೆತ್ತರಕ್ಕೆ ಕಟ್ಟಿದ್ದಾರೆ. ಹಾಗಾಗಿ ಮೆಟ್ಟಿಲೂ ಜಾಸ್ತಿ. ಒಂದು ಬೆಳಿಗ್ಗೆ ಊರಿಗೆ ಹೊರಟವಳು ದೊಡ್ಡ ಸೂಟ್‌ಕೇಸ್ ಹೊತ್ತು ಇಳಿಯುತ್ತಿದ್ದೆ. ಎರಡನೇ ಮಹಡಿಯ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಯಾರು ಇಳಿಸಿಕೊಟ್ಟರು ಅಂತ ಕೇಳಿದರು. 'ಜ ಸ್ವಿ ದೆಸಾಂದ್ಯು ಲಾ ವಲೀಜ್' ಅಂದೆ. ಸೂಟ್‌ಕೇಸ್ ನಾನೇ ಇಳಿಸಿದೆ ಅಂತ ಹೇಳಿದೆ ಅಂದುಕೊಂಡಿದ್ದೆ. ಅವರು ಮೆಲ್ಲಗೆ ತಿದ್ದಿದರು: 'ಜೆ ದೆಸಾಂದ್ಯು ಲಾ ವಲೀಜ್.'

'ಜ ಸ್ವಿ' ಹೋಗಿ 'ಜೆ' ಆಯಿತು, ಅಷ್ಟೇ. ಆದರೆ ನಾನು ಆರು ತಿಂಗಳಿಂದ ಎಡವುತ್ತಿದ್ದದ್ದು ಇದೇ ಕಲ್ಲಿಗೆ.

ಫ್ರೆಂಚರು ಮಾತಿನಲ್ಲಿ ಆಗಿಹೋದದ್ದನ್ನು ಹೇಳುವುದು ಜಾಸ್ತಿ 'ಪಾಸೆ ಕೊಂಪೋಜೆ'ಯಲ್ಲಿ. ನಮ್ಮ 'ತಿಂದೆ', 'ತಿಂದಿದ್ದೇನೆ' ಎರಡಕ್ಕೂ ಅದೇ. ಅದರಲ್ಲಿ ಎರಡು ತುಂಡು: ಮುಂದೆ ಒಂದು ಸಹಾಯಕ ಕ್ರಿಯಾಪದ, ಹಿಂದೆ ಮುಗಿದ ಕೆಲಸದ ರೂಪ. ನಮ್ಮಲ್ಲೂ ಹೀಗೇ ಅಲ್ವಾ? 'ತಿಂದು' ಜೊತೆ 'ಇದ್ದೇನೆ' ಸೇರಿ 'ತಿಂದಿದ್ದೇನೆ'. 'ಹೋಗಿ' ಜೊತೆ 'ಇದ್ದೇನೆ' ಸೇರಿ 'ಹೋಗಿದ್ದೇನೆ'. ಕನ್ನಡದಲ್ಲಿ ಎಲ್ಲಕ್ಕೂ 'ಇರು' ಒಂದೇ ಸಾಕು. ಫ್ರೆಂಚಿನಲ್ಲಿ ಸಹಾಯಕ್ಕೆ ಬರುವವು ಎರಡು. 'ಎತ್ರ್' ಅಂದರೆ ಇರು, 'ನಾನು' ಜೊತೆ ಅದು 'ಜ ಸ್ವಿ' ಆಗುತ್ತದೆ. 'ಅವ್ವಾರ್' ಅಂದರೆ ಹೊಂದಿರು, 'ನಾನು' ಜೊತೆ ಅದು 'ಜೆ' ಆಗುತ್ತದೆ. ಈ ಎರಡನೆಯದಕ್ಕೆ ನಮ್ಮ ಆಡುಮಾತಿನಲ್ಲಿ ಕ್ರಿಯಾಪದವೇ ಇಲ್ಲ. 'ನನ್ನ ಹತ್ತಿರ ಪುಸ್ತಕ ಇದೆ' ಅಂತೀವಿ, ಅಲ್ಲೂ 'ಇರು'ವೇ. ಹಾಗಾಗಿ ನನ್ನ ಬಾಯಿಗೆ ಎಲ್ಲಕ್ಕೂ 'ಎತ್ರ್' ಬರುತ್ತಿತ್ತು. ಒಮ್ಮೆ ಸಂಜೆ ತರಗತಿಯಲ್ಲಿ 'ಜ ಸ್ವಿ ಮಾಂಜೆ' ಅಂತ ಬರೆದೆ. 'ನನ್ನನ್ನು ಯಾರೋ ತಿಂದಿದ್ದಾರೆ' ಅಂತ ಆಗುತ್ತದೆ ಅದು. 'ಊಟ ಮಾಡಿದೆ' ಅನ್ನಲು 'ಜೆ ಮಾಂಜೆ' ಬೇಕು.

ಸೂಟ್‌ಕೇಸಿನ ದಿನ ವಿಮಾನದಲ್ಲಿ ಕೂತು ಯೋಚಿಸಿದೆ. 'ಇಳಿದೆ', 'ಇಳಿಸಿದೆ' ಅಂತ ಕನ್ನಡ ಬೇರೆ ಮಾಡುತ್ತದೆ. ಫ್ರೆಂಚಿನಲ್ಲಿ ಎರಡಕ್ಕೂ 'ದೆಸಾಂದ್ರ್' ಒಂದೇ. ವ್ಯತ್ಯಾಸ ತೋರಿಸುವುದು ಸಹಾಯಕ ಪದ. ಇಳಿದೆ, 'ಜ ಸ್ವಿ ದೆಸಾಂದ್ಯು'. ಸೂಟ್‌ಕೇಸ್ ಇಳಿಸಿದೆ, 'ಜೆ ದೆಸಾಂದ್ಯು'. ಹತ್ತುವುದಕ್ಕೆ ಇರುವ 'ಮೊಂತೆ'ಯೂ ಹಾಗೇ, ಹೊರಗೆ ಹೋಗುವ 'ಸೊರ್ತೀರ್' ಕೂಡ ಹಾಗೇ. ನಮ್ಮ 'ಇಸು' ಇದ್ದ ಕಡೆ 'ಅವ್ವಾರ್' ಹಾಕಿದರೆ ಆಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ಸೂತ್ರ ವಾಪಸು ಬಂದ ವಾರದಲ್ಲೇ ಮುರಿಯಿತು. 'ಮೆಟ್ಟಿಲು ಇಳಿದೆ' ಅನ್ನುವುದರಲ್ಲಿ 'ಇಸು' ಇಲ್ಲ. ಆದರೂ ಫ್ರೆಂಚಿನಲ್ಲಿ 'ಜೆ ದೆಸಾಂದ್ಯು ಲೆಸ್ಕಾಲ್ಯೆ', ಅವ್ವಾರ್. ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ: ಏನನ್ನು? ಏನನ್ನು ಇಳಿದೆ? ಮೆಟ್ಟಿಲನ್ನು. ಏನನ್ನು ಇಳಿಸಿದೆ? ಸೂಟ್‌ಕೇಸನ್ನು. ಉತ್ತರ ಸಿಕ್ಕರೆ ಅವ್ವಾರ್. ಈ ಪ್ರಶ್ನೆ ಇವತ್ತಿಗೂ ನನ್ನ ಕೈಬಿಟ್ಟಿಲ್ಲ.

ಹಾಗಂತ ಉತ್ತರ ಸಿಗದಿದ್ದರೆಲ್ಲ ಎತ್ರ್ ಅಲ್ಲ. ನಡೆದೆ, ಓಡಿದೆ, ಮಲಗಿ ನಿದ್ದೆ ಮಾಡಿದೆ, ಇವೆಲ್ಲ ಅವ್ವಾರ್. 'ಎತ್ರ್' ಎಂಬ ಪದಕ್ಕೇ ಭೂತಕಾಲ ಬೇಕಾದಾಗ ಅದು ಕೂಡ ಅವ್ವಾರ್ ಹಿಡಿಯುತ್ತದೆ, 'ಜೆ ಎತೆ' ಅಂತ. ಎತ್ರ್ ಹಿಡಿಯುವವು ಸುಮಾರು ಹದಿನೈದು ಪದ. ಅವನ್ನು ಬಾಯಿಪಾಠ ಮಾಡಲೇಬೇಕು. ಇಲ್ಲಿನ ಮಕ್ಕಳಿಗೆ ಒಂದು ಮನೆಯ ಚಿತ್ರ ಬರೆದು ಕಲಿಸುತ್ತಾರೆ. ನಾನು ಆ ಚಿತ್ರದ ಬದಲು ನಮ್ಮ ಅಜ್ಜನ ಮನೆಯನ್ನೇ ನೆನೆಸಿಕೊಂಡೆ. ಜಗುಲಿಗೆ ಬಂದೆ, ಹೊಸ್ತಿಲು ದಾಟಿ ಒಳಗೆ ಹೋದೆ, ಅಟ್ಟಕ್ಕೆ ಹತ್ತಿದೆ, ಕೆಳಗಿಳಿದೆ, ಏಣಿಯಿಂದ ಬಿದ್ದೆ, ರಜೆ ಮುಗಿಯುವವರೆಗೆ ಅಲ್ಲೇ ಉಳಿದೆ, ಹೊರಟೆ. ಅಮ್ಮ ಹುಟ್ಟಿದ್ದು ಆ ಮನೆಯಲ್ಲಿ, ಅಜ್ಜ ತೀರಿಕೊಂಡದ್ದೂ ಅಲ್ಲೇ. ಹೆಚ್ಚುಕಡಿಮೆ ಇಡೀ ಪಟ್ಟಿ ಅದರಲ್ಲಿ ಬಂತು. ಇದು ಬಿಟ್ಟರೆ 'ಎದ್ದುಕೊಂಡೆ', 'ಕೂತುಕೊಂಡೆ' ಥರದ ತನಗೆ ತಾನೇ ಮಾಡಿಕೊಳ್ಳುವ ಕೆಲಸಗಳಿಗೂ ಎತ್ರ್.

ಎರಡನೇ ತುಂಡಿಗೆ ನಾನು ಅಷ್ಟು ಹೆದರಲಿಲ್ಲ. 'ಕೊಡು' ಯಾಕೆ 'ಕೊಟ್ಟು', 'ಬೀಳು' ಯಾಕೆ 'ಬಿದ್ದು' ಅಂತ ನಾವು ಯಾರನ್ನೂ ಕೇಳಿದವರಲ್ಲ. ಕಿವಿಯೇ ಕಲಿಸಿತು. ಅದಕ್ಕೇ ಪ್ರಾಸ ನೋಡಿ ಗುಂಪು ಮಾಡಿದೆ. ವ್ಯು, ಲ್ಯು, ಬ್ಯು: ನೋಡಿದ್ದು, ಓದಿದ್ದು, ಕುಡಿದದ್ದು. ಪ್ರಿ, ಮಿ, ಆಪ್ರಿ: ತಗೊಂಡದ್ದು, ಇಟ್ಟದ್ದು, ಕಲಿತದ್ದು. ಪಾತ್ರೆ ತೊಳೆಯುವಾಗ ಜೋರಾಗಿ ಹೇಳಿಕೊಳ್ಳುತ್ತಿದ್ದೆ.

ಬರವಣಿಗೆ ಬೇರೆ ಕಥೆ. ಕನ್ನಡದಲ್ಲಿ ಹೋದನು, ಹೋದಳು ಅಂತ ಇದ್ದರೂ 'ನಾನು ಹೋದೆ' ಅನ್ನುವಾಗ ಹೆಣ್ಣು ಗಂಡು ಭೇದ ಇಲ್ಲ. ಫ್ರೆಂಚಿನಲ್ಲಿ ಎತ್ರ್ ಬಂದರೆ ಹೆಣ್ಣುಮಗಳಾದ ನಾನು, 'ಹೋಗು' ಪದದ ಎರಡನೇ ತುಂಡಾದ 'ಆಲೆ'ಯ ಕೊನೆಗೆ ಇನ್ನೊಂದು ಅಕ್ಷರ ಸೇರಿಸಬೇಕು. ಕಿವಿಗೆ ಅದು ಕೇಳಿಸುವುದೇ ಇಲ್ಲ. ಅದಕ್ಕೆ ದಿನಾ ರಾತ್ರಿ ಐದು ವಾಕ್ಯ ಬರೆದೆ, ಆ ದಿನ ನಿಜವಾಗಿ ನಡೆದದ್ದನ್ನೇ. ಮೊದಲು 'ಏನನ್ನು' ಅಂತ ಕೇಳುವುದು, ಆಮೇಲೆ ಸಹಾಯಕ ಪದ, ಕೊನೆಗೆ ಬಾಲದ ಅಕ್ಷರ. ಮೂರು ತಿಂಗಳಲ್ಲಿ ಬಾಯಿಯೂ ತಾನಾಗೇ ಸರಿಹೋಯಿತು.

ಕಳೆದ ವಾರ ಅದೇ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. ಊರಿನ ಮನೆಯ ಫೋಟೋ ತೋರಿಸಿ, 'ಮಾ ಮೇರ್ ಎ ನೆ ದಾಂ ಸೆತ್ ಮೆಜೋಂ' ಅಂದೆ. ನಮ್ಮಮ್ಮ ಈ ಮನೆಯಲ್ಲಿ ಹುಟ್ಟಿದರು ಅಂತ. ಅವರು ತಿದ್ದಲಿಲ್ಲ. ಕನ್ನಡಕ ಹಾಕಿಕೊಂಡು ಫೋಟೋವನ್ನು ಹತ್ತಿರ ಹಿಡಿದು, ಅಟ್ಟ ಎಲ್ಲಿದೆ ತೋರಿಸು ಅಂದರು.